ರಾಟರ್‌ಡ್ಯಾಮಿನಲ್ಲಿ ನೀರು ಎಷ್ಟು ಅಡಿ ಇದೆ?

ನಮ್ಮೂರು ನಂದಿಗುಡಿ. ಹರಿಹರ ತಾಲ್ಲೂಕು, ದಾವಣಗೆರೆ ಜಿಲ್ಲೆ. ಮಲೇಬೆನ್ನೂರು ದಾಟಿ ಹೊಳೆ ಕಡೆ ಬಂದರೆ ಸಿಗುತ್ತದೆ. ಊರಿನ ಹೆಸರು ಹೇಳಿದರೆ ಎಲ್ಲರಿಗೂ ಗೊತ್ತಾಗುವುದಿಲ್ಲ. ‘ಉಕ್ಕಡಗಾತ್ರಿ ಅಜ್ಜಯ್ಯನ ಗುಡಿ ಹತ್ತಿರ’ ಅಂದರೆ ಸಾಕು, ಅಮಾವಾಸ್ಯೆಗೆ ಒಮ್ಮೆಯಾದರೂ ಬಂದು ಹೋದವರು ತಲೆಯಾಡಿಸುತ್ತಾರೆ. ನಾನು ಓದಿದ್ದು ದಾವಣಗೆರೆಯಲ್ಲಿ ಇಂಜಿನಿಯರಿಂಗ್. ಆಮೇಲೆ ಎಲ್ಲರ ಹಾಗೆ ಬೆಂಗಳೂರು. 2023ರ ಅಕ್ಟೋಬರಿನಲ್ಲಿ ನೆದರ್ಲೆಂಡ್ಸಿನ ರಾಟರ್‌ಡ್ಯಾಮಿಗೆ ಬಂದೆ. ಬಂದರಿನ ಕಂಟೇನರುಗಳ ಲೆಕ್ಕ ಇಡುವ ಸಾಫ್ಟ್‌ವೇರಿನ ಕೆಲಸ.

ಕೆಲಸ ಸಿಕ್ಕಿದ ಸುದ್ದಿ ಹೇಳಿದಾಗ ಅಪ್ಪಾಜಿ ಕೇಳಿದ ಮೊದಲ ಪ್ರಶ್ನೆ ಸಂಬಳದ್ದಲ್ಲ. ‘ರಾಟರ್ ಡ್ಯಾಮಾ? ಎಷ್ಟು ಅಡಿ ಐತಿ ನೀರು?’ ನಮ್ಮ ಕಡೆಯವರಿಗೆ ಡ್ಯಾಮ್ ಅಂದರೆ ಲಕ್ಕವಳ್ಳಿಯ ಭದ್ರಾ ಡ್ಯಾಮ್. ಪೂರ್ತಿ ಮಟ್ಟ 186 ಅಡಿ. ಮಳೆಗಾಲದಲ್ಲಿ ಬೆಳಿಗ್ಗೆ ಪೇಪರ್ ಬಂದರೆ ರಾಜಕೀಯಕ್ಕಿಂತ ಮುಂಚೆ ನೋಡುವುದು ಆ ಅಂಕಿಯನ್ನು. ಅದು ನೂರೆಂಬತ್ತರ ಹತ್ತಿರ ಬಂದರೆ ಮನೆಯಲ್ಲಿ ಮಾತು ಮೆತ್ತಗಾಗುತ್ತದೆ.

ಅಪ್ಪಾಜಿ ತಮಾಷೆಗೆ ಕೇಳಿದ್ದಲ್ಲ, ಮತ್ತು ಆ ಪ್ರಶ್ನೆಯಲ್ಲಿ ಅರ್ಥವೂ ಇತ್ತು. ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ರಾಟೆ ಅನ್ನುವುದು ಒಂದು ಸಣ್ಣ ಹೊಳೆ. ಹದಿಮೂರನೇ ಶತಮಾನದಲ್ಲಿ ಅದಕ್ಕೆ ಅಡ್ಡಲಾಗಿ ಒಂದು ಒಡ್ಡು ಕಟ್ಟಿದರು. ಆ ಒಡ್ಡಿನ ಮೇಲೆ ಬೆಳೆದ ಊರೇ ರಾಟರ್‌ಡ್ಯಾಮ್. ಅಂದರೆ ಇದು ನಿಜಕ್ಕೂ ಡ್ಯಾಮಿನ ಊರು. ಆದರೆ ನಮ್ಮದು ನೀರು ಹಿಡಿಯುವ ಡ್ಯಾಮ್, ಇವರದು ನೀರು ತಡೆಯುವ ಡ್ಯಾಮ್. ಇಲ್ಲಿ ಕಳೆದ ಒಂದೂವರೆ ವರ್ಷದಲ್ಲಿ ನಾನು ಕಂಡದ್ದಕ್ಕೆಲ್ಲ ಈ ವ್ಯತ್ಯಾಸವೇ ಬುಡ.

ಕೆರೆಯ ತಳದಲ್ಲಿ ಇಳಿದ ವಿಮಾನ

ಆಮ್ಸ್ಟರ್‌ಡ್ಯಾಮಿನ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ಇಳಿದವರು ಸಮುದ್ರ ಮಟ್ಟಕ್ಕಿಂತ ಮೂರು ಮೀಟರಿಗೂ ಹೆಚ್ಚು ಕೆಳಗೆ ನಿಂತಿರುತ್ತಾರೆ. ಅಲ್ಲಿ ಮೊದಲು ದೊಡ್ಡ ಸರೋವರ ಇತ್ತು. ಉಗಿ ಯಂತ್ರದ ಪಂಪುಗಳನ್ನಿಟ್ಟು 1849ರಿಂದ 1852ರವರೆಗೆ ನೀರು ಎತ್ತಿ ಹೊರಗೆ ಹಾಕಿ, ತಳವನ್ನು ಹೊಲ ಮಾಡಿದರು. ಆ ಹೊಲದ ಮೇಲೆ ಈಗ ವಿಮಾನ ಇಳಿಯುತ್ತವೆ. ನಮ್ಮ ಜಿಲ್ಲೆಯ ಸೂಳೆಕೆರೆಯನ್ನು ಖಾಲಿ ಮಾಡಿ ಅದರ ತಳದಲ್ಲಿ ಬಸ್ ಸ್ಟ್ಯಾಂಡ್ ಕಟ್ಟಿದ ಹಾಗೆ!

ಮೊದಲ ವಾರ ಪೂರ್ತಿ ಕಾಗದದ ಕೆಲಸ. ನಗರಸಭೆಗೆ ಹೋಗಿ ಹೆಸರು ನೋಂದಾಯಿಸಿದರೆ ಒಂದು ನಂಬರ್ ಕೊಡುತ್ತಾರೆ. ಆ ನಂಬರ್ ಇಲ್ಲದೆ ಬ್ಯಾಂಕ್ ಖಾತೆ, ಸಂಬಳ, ವಿಮೆ ಯಾವುದೂ ಮುಂದೆ ಹೋಗುವುದಿಲ್ಲ. ನೋಂದಾಯಿಸಲು ಮನೆ ವಿಳಾಸ ಬೇಕು. ಮನೆ ಸಿಗುವುದು ಇಲ್ಲಿ ಎಲ್ಲಕ್ಕಿಂತ ಕಷ್ಟ. ಒಂದು ಮನೆ ನೋಡಲು ಇಪ್ಪತ್ತು ಜನ ಸಾಲು ನಿಂತಿರುತ್ತಾರೆ. ಕೊನೆಗೆ ಪ್ರಿನ್ಸ್ ಅಲೆಕ್ಸಾಂಡರ್ ಎನ್ನುವ ಬಡಾವಣೆಯಲ್ಲಿ ಸಹೋದ್ಯೋಗಿಯ ಪರಿಚಯದಿಂದ ಒಂದು ಚಿಕ್ಕ ಫ್ಲ್ಯಾಟ್ ಸಿಕ್ಕಿತು. ಮೆಟ್ರೊ ಹತ್ತಿರ, ಅಂಗಡಿ ಹತ್ತಿರ, ಬಾಡಿಗೆ ಮಾತ್ರ ದೂರ! ದಾವಣಗೆರೆಯ ಎಂಸಿಸಿ ‘ಬಿ’ ಬ್ಲಾಕಿನಲ್ಲಿ ಅಷ್ಟು ದುಡ್ಡಿಗೆ ಮೂರು ಮನೆ ಹಿಡಿಯಬಹುದು.

ಹಳೇ ಮನೆಗಳ ಮೆಟ್ಟಿಲು ಏಣಿಯಷ್ಟು ಕಡಿದು. ಸಾಮಾನು ಮೆಟ್ಟಿಲಲ್ಲಿ ಹತ್ತಿಸಲು ಆಗುವುದಿಲ್ಲವೆಂದು ಕಿಟಕಿಯಿಂದಲೇ ಎತ್ತಿ ಒಳಗೆ ಹಾಕುತ್ತಾರೆ. ಮಂಚ, ಬೀರು, ಸೋಫಾ ಎಲ್ಲ ಗಾಳಿಯಲ್ಲಿ ತೇಲುತ್ತಾ ಹೋಗುವುದನ್ನು ನೋಡಲು ಮೊದಮೊದಲು ನಿಂತುಬಿಡುತ್ತಿದ್ದೆ. ಇನ್ನೊಂದು ವಿಚಿತ್ರ, ಪರದೆ ಹಾಕುವುದು ಕಡಿಮೆ. ಸಂಜೆ ರಸ್ತೆಯಲ್ಲಿ ನಡೆದರೆ ಮನೆಮನೆಯ ನಡುಮನೆ, ಅಲ್ಲಿ ಕೂತು ಪುಸ್ತಕ ಓದುವ ಅಜ್ಜಿ, ಹೋಂವರ್ಕ್ ಮಾಡುವ ಮಕ್ಕಳು ಎಲ್ಲ ಕಾಣುತ್ತದೆ. ಆದರೆ ಯಾರೂ ಬಗ್ಗಿ ನೋಡುವುದಿಲ್ಲ. ನಮ್ಮೂರಲ್ಲಿ ಬಾಗಿಲೂ ತೆರೆದಿರುತ್ತದೆ, ನೋಡುವವರೂ ನೋಡುತ್ತಾರೆ, ‘ಏನ್ ಸಾರು ಇವತ್ತು?’ ಅಂತ ಒಳಗೂ ಬರುತ್ತಾರೆ.

ಸೈಕಲ್ಲು, ಗಾಳಿ, ಕತ್ತಲೆ

ಈ ದೇಶದಲ್ಲಿ ಜನರಿಗಿಂತ ಸೈಕಲ್ ಜಾಸ್ತಿ. ನಾನೂ ಒಂದು ಹಳೇ ಸೈಕಲ್ ತಗೊಂಡೆ. ಅಂಗಡಿಯವನು ಸೈಕಲ್ಲಿಗಿಂತ ಹೆಚ್ಚು ಹೊತ್ತು ಬೀಗದ ಬಗ್ಗೆ ಪಾಠ ಮಾಡಿದ. ಒಂದಲ್ಲ, ಎರಡು ಬೀಗ ಹಾಕಬೇಕಂತೆ. ಸೈಕಲ್ಲಿಗೇ ಬೇರೆ ದಾರಿ, ಬೇರೆ ಸಿಗ್ನಲ್. ಮಾಸ್ ನದಿಯ ಕೆಳಗೆ 1942ರಲ್ಲಿ ತೆರೆದ ಒಂದು ಸುರಂಗವಿದೆ. ಅದರಲ್ಲಿ ಸೈಕಲ್ ಸವಾರರಿಗೆ ಪ್ರತ್ಯೇಕ ಕೊಳವೆ, ಸೈಕಲ್ ಸಮೇತ ಇಳಿಯಲು ಮರದ ಹಲಗೆಯ ಎಸ್ಕಲೇಟರ್. ಹರಿಹರದ ಸೇತುವೆ ಮೇಲೆ ಲಾರಿಗಳ ನಡುವೆ ಸೈಕಲ್ ತುಳಿದವನಿಗೆ ಇದು ಅರಮನೆಯ ದಾರಿ.

ನೆಲ ಅಂಗೈಯಷ್ಟು ಸಪಾಟು, ಏರು ಇಲ್ಲ, ಇಳಿಜಾರು ಇಲ್ಲ. ಹಾಗಂತ ಸುಖವಿಲ್ಲ, ಏಕೆಂದರೆ ಗಾಳಿ ಇದೆ. ಸಮುದ್ರದ ಕಡೆಯಿಂದ ಬೀಸುವ ಗಾಳಿ ಎದುರಾದರೆ ತುಳಿದಷ್ಟೂ ನಿಂತಲ್ಲೇ ಇರುತ್ತೇವೆ. ಎದುರು ಗಾಳಿಯಲ್ಲಿ ಸೈಕಲ್ ತುಳಿಯುವ ರಾಷ್ಟ್ರೀಯ ಸ್ಪರ್ಧೆಯನ್ನೇ ಇವರು ನಡೆಸುತ್ತಾರೆ! ಕಷ್ಟವನ್ನೇ ಆಟ ಮಾಡಿಕೊಳ್ಳುವ ಜನ.

ನನ್ನನ್ನು ನಿಜವಾಗಿ ಅಲುಗಾಡಿಸಿದ್ದು ಕತ್ತಲೆ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದು ಮುಕ್ಕಾಲು ಒಂಬತ್ತಕ್ಕೆ, ಮುಳುಗುವುದು ನಾಲ್ಕೂವರೆಗೆ. ಆಫೀಸಿಗೆ ಹೋಗುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ, ನಡುವೆ ಜಿಟಿಜಿಟಿ ಮಳೆ. ಅವ್ವ ಫೋನಿನಲ್ಲಿ ‘ಬಿಸಿಲಿಗೆ ಹೊರಗೆ ಬಾ, ಮುಖ ನೋಡ್ತೀನಿ’ ಅನ್ನುತ್ತಿದ್ದಳು. ಎಲ್ಲಿಂದ ತರಲಿ ಬಿಸಿಲು? ಜೂನ್ ಬಂದರೆ ಉಲ್ಟಾ. ರಾತ್ರಿ ಹತ್ತು ಗಂಟೆಗೂ ಬೆಳಕು. ಆಗ ಇಡೀ ಊರು ಬೀದಿಗೆ ಬರುತ್ತದೆ. ಒಂದು ಚೂರು ಬಿಸಿಲು ಬಿದ್ದರೂ ಕುರ್ಚಿ ಹೊರಗೆ ತಂದು ಕಣ್ಣು ಮುಚ್ಚಿ ಕೂರುತ್ತಾರೆ. ನಮ್ಮಲ್ಲಿ ಮಳೆಯನ್ನು ನೋಡಿದ ಹಾಗೆ ಇಲ್ಲಿ ಬಿಸಿಲನ್ನು ನೋಡುತ್ತಾರೆ.

ಬ್ರೆಡ್ಡಿನ ಮಧ್ಯಾಹ್ನ

ಆಫೀಸಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಊಟ. ಎರಡು ತುಂಡು ಬ್ರೆಡ್, ನಡುವೆ ಚೀಸ್, ಒಂದು ಲೋಟ ಹಾಲು. ಅಷ್ಟೇ. ಮೊದಲ ದಿನ ನಾನು ಇದು ತಿಂಡಿ, ಊಟ ಆಮೇಲೆ ಬರುತ್ತದೆ ಅಂತ ಕಾದಿದ್ದೆ. ದೊಡ್ಡವರೂ ಬ್ರೆಡ್ಡಿನ ಮೇಲೆ ಚಾಕೊಲೇಟ್ ಚೂರು ಉದುರಿಸಿಕೊಂಡು ತಿನ್ನುತ್ತಾರೆ. ರುಚಿಯಾಗಿದ್ದರೆ ಇವರು ಹೇಳುವ ಮಾತು ‘ಲೆಕ್ಕರ್’. ನನ್ನ ಕಿವಿಗೆ ಅದು ಲೆಕ್ಕ ಅಂತಲೇ ಬೀಳುತ್ತದೆ. ಲೆಕ್ಕವೂ ಇಲ್ಲಿ ಅಷ್ಟೇ ಕಟ್ಟುನಿಟ್ಟು. ಒಟ್ಟಿಗೆ ಕಾಫಿ ಕುಡಿದರೆ ಸಂಜೆಯೊಳಗೆ ನಿಮ್ಮ ಪಾಲಿನ ಎರಡೂವರೆ ಯೂರೋಗೆ ಮೊಬೈಲಿಗೆ ಸಂದೇಶ ಬಂದಿರುತ್ತದೆ. ಬೇಜಾರು ಮಾಡಿಕೊಳ್ಳಬೇಕಿಲ್ಲ, ಅದು ಜಿಪುಣತನ ಅಲ್ಲ, ಪದ್ಧತಿ.

ಮಾತೂ ಹಾಗೇ ನೇರ. ಮೀಟಿಂಗಿನಲ್ಲಿ ನನ್ನ ಕೆಲಸ ತೋರಿಸಿದಾಗ, ನನಗಿಂತ ಐದು ವರ್ಷ ಚಿಕ್ಕವನು ‘ಇದು ನನಗೆ ಸರಿ ಕಾಣುತ್ತಿಲ್ಲ’ ಅಂದ. ಬೆಂಗಳೂರಾಗಿದ್ದರೆ ಅದೇ ಮಾತನ್ನು ನಾಲ್ಕು ಸುತ್ತು ಹಾಕಿ, ‘ಚೆನ್ನಾಗಿದೆ, ಆದರೂ’ ಅಂತ ಶುರು ಮಾಡುತ್ತಿದ್ದರು. ಅದೇ ಹುಡುಗ ಸಂಜೆ ನನ್ನ ಸೈಕಲ್ ಪಂಕ್ಚರ್ ಆದಾಗ ಮಳೆಯಲ್ಲಿ ಕೂತು ಟ್ಯೂಬ್ ಬದಲಾಯಿಸಿಕೊಟ್ಟ. ಸಂಜೆ ಐದಕ್ಕೆ ಆಫೀಸು ಖಾಲಿ. ಮಗುವನ್ನು ಶಾಲೆಯಿಂದ ಕರೆತರಬೇಕೆಂದು ಮ್ಯಾನೇಜರ್ ಮೀಟಿಂಗ್ ಅರ್ಧಕ್ಕೆ ಬಿಟ್ಟು ಎದ್ದರೆ ಯಾರೂ ಹುಬ್ಬೇರಿಸುವುದಿಲ್ಲ.

ನಮ್ಮ ಊಟಕ್ಕೆ ನನಗೆ ದಾರಿ ತೋರಿಸಿದವರು ಸುರಿನಾಮಿನವರು. ದಕ್ಷಿಣ ಅಮೆರಿಕದ ಸುರಿನಾಮ್ ಆಗ ಡಚ್ಚರ ವಸಾಹತು. ಕಬ್ಬಿನ ತೋಟದ ಕೂಲಿಗೆಂದು ಕಲ್ಕತ್ತೆಯಿಂದ ಹೊರಟ ‘ಲಲ್ಲಾ ರೂಖ್’ ಹಡಗು 1873ರ ಜೂನ್ 5ರಂದು ಅಲ್ಲಿ ತಲುಪಿತು. ಬಿಹಾರ, ಉತ್ತರ ಪ್ರದೇಶದ ಕಡೆಯ ಆ ಜನರ ಮೊಮ್ಮಕ್ಕಳು, ಮರಿಮಕ್ಕಳು ಈಗ ಇಲ್ಲಿ ಅಂಗಡಿ ಇಟ್ಟಿದ್ದಾರೆ. ಬೆಂಡೆಕಾಯಿ, ಹಾಗಲಕಾಯಿ, ಮೊಳದುದ್ದದ ಅಲಸಂದೆ, ಹಸಿಮೆಣಸಿನಕಾಯಿ ಎಲ್ಲ ಅಲ್ಲಿ ಸಿಗುತ್ತದೆ. ಅಂಗಡಿಯ ಅಜ್ಜಿ ಇಂಡಿಯಾ ನೋಡಿಯೇ ಇಲ್ಲ. ಆದರೂ ನನ್ನನ್ನು ಕಂಡರೆ ‘ಬೇಟಾ’ ಅನ್ನುತ್ತಾಳೆ, ಆಮೇಲೆ ಡಚ್ಚಿನಲ್ಲಿ ರೇಟು ಹೇಳುತ್ತಾಳೆ. ಇಂಡಿಯನ್ ಅಂಗಡಿಯಲ್ಲಿ ಮಂಡಕ್ಕಿಯೂ ಸಿಗುತ್ತದೆ. ಭಾನುವಾರ ಸಂಜೆ ಮಂಡಕ್ಕಿ ಒಗ್ಗರಣೆ ಹಾಕಿ, ಮೆಣಸಿನಕಾಯಿ ಬಜ್ಜಿ ಕರಿದರೆ ಅರ್ಧ ದಾವಣಗೆರೆ ಬಂದಂತೆ. ಇನ್ನರ್ಧ ಬೆಣ್ಣೆ ದೋಸೆ. ಬೆಣ್ಣೆ ಇಲ್ಲಿ ಬೇಕಾದಷ್ಟಿದೆ, ಆದರೆ ಇಂಡಕ್ಷನ್ ಒಲೆಯ ಮೇಲೆ ಆ ಸೌದೆ ಒಲೆಯ ಕಾವು ಬರುವುದಿಲ್ಲ.

ಸೈರನ್ ಕೂಗುವ ಸೋಮವಾರ

ಬಂದ ಮುಂದಿನ ತಿಂಗಳು, ಒಂದು ಸೋಮವಾರ ಸರಿಯಾಗಿ ಹನ್ನೆರಡು ಗಂಟೆಗೆ ಊರ ತುಂಬ ಸೈರನ್ ಕೂಗಿತು. ಸಿನಿಮಾದಲ್ಲಿ ಬಾಂಬ್ ಬೀಳುವ ಮೊದಲು ಕೂಗುತ್ತದಲ್ಲ, ಅದೇ ಧ್ವನಿ. ಎದ್ದು ನಿಂತು ನೋಡಿದರೆ ಯಾರೂ ತಲೆ ಎತ್ತಲಿಲ್ಲ. ಪ್ರತಿ ತಿಂಗಳ ಮೊದಲ ಸೋಮವಾರ ಅದನ್ನು ಪರೀಕ್ಷೆ ಮಾಡುತ್ತಾರಂತೆ.

ಈ ಊರಿಗೆ ಆ ಧ್ವನಿಯ ಅರ್ಥ ಗೊತ್ತು. 1940ರ ಮೇ 14ರಂದು ಜರ್ಮನ್ ವಿಮಾನಗಳು ಬಾಂಬ್ ಹಾಕಿ ಊರಿನ ನಡುಭಾಗವನ್ನು ಸುಟ್ಟವು. ಸುಮಾರು 80 ಸಾವಿರ ಜನ ಮನೆ ಕಳೆದುಕೊಂಡರು. ಬೆಂಕಿ ಎಲ್ಲಿಯವರೆಗೆ ಬಂದು ನಿಂತಿತೋ ಆ ಗೆರೆಯ ಉದ್ದಕ್ಕೂ ಈಗ ಪಾದಚಾರಿ ರಸ್ತೆಯಲ್ಲಿ ಕೆಂಪು ದೀಪದ ಗುರುತುಗಳನ್ನು ಹೂತಿದ್ದಾರೆ. ಹಾಗಾಗಿಯೇ ಆಮ್ಸ್ಟರ್‌ಡ್ಯಾಮಿನಂತೆ ಇಲ್ಲಿ ಹಳೇ ಚೆಲುವು ಕಡಿಮೆ. ಎಲ್ಲ ಹೊಸ ಕಟ್ಟಡ, ಗಾಜು, ಕಾಂಕ್ರೀಟು, ಓರೆಯಾಗಿ ನಿಲ್ಲಿಸಿದ ಘನಾಕೃತಿಯ ಮನೆಗಳು, ಹಂಸದ ಕತ್ತಿನಂತೆ ಬಾಗಿದ ಎರಾಸ್ಮಸ್ ಸೇತುವೆ. ಪ್ರವಾಸಿಗರು ಒಂದು ದಿನ ಬಂದು ಹೋಗುತ್ತಾರೆ. ಇರುವವರಿಗೆ ಮಾತ್ರ ಇದರ ಗುಣ ತಿಳಿಯುತ್ತದೆ. ಇದು ಕೈಕೆಸರಾಗುವ ಊರು. ಯುರೋಪಿನ ಅತಿ ದೊಡ್ಡ ಬಂದರು ಇಲ್ಲಿದೆ. ನೂರೆಪ್ಪತ್ತಕ್ಕೂ ಹೆಚ್ಚು ದೇಶಗಳ ಮೂಲದವರು ಇಲ್ಲಿದ್ದಾರೆ. ನಾನು ಬಂದಾಗ ಮೇಯರ್ ಆಗಿದ್ದ ಅಹ್ಮದ್ ಅಬೂತಾಲೆಬ್ ಹುಟ್ಟಿದ್ದು ಮೊರಾಕ್ಕೊದ ಒಂದು ಹಳ್ಳಿಯಲ್ಲಿ. ಅವರು 2009ರಿಂದ 2024ರವರೆಗೆ ಈ ಊರಿನ ಮೇಯರ್ ಆಗಿದ್ದರು.

ನೀರಿಗೆ ಬೇರೆ ಸರ್ಕಾರ

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ನಮ್ಮ ಬಡಾವಣೆ ಇರುವುದು ನೀರು ಬಸಿದು ಮಾಡಿದ ನೆಲದಲ್ಲಿ. ಸಮುದ್ರ ಮಟ್ಟಕ್ಕಿಂತ ಸುಮಾರು ಆರು ಮೀಟರ್ ಕೆಳಗೆ. ಇಲ್ಲಿಂದ ಸೈಕಲ್ಲಿನಲ್ಲಿ ಹೋಗುವಷ್ಟು ದೂರದ ನ್ಯೂವೆರ್ಕೆರ್ಕ್ ಅನ್ನುವ ಊರಿನಲ್ಲಿ ದೇಶದ ಅತಿ ತಗ್ಗು ಜಾಗವಿದೆ, ಆರೂಮುಕ್ಕಾಲು ಮೀಟರ್ ಕೆಳಗೆ. ಇಂಥ ನೆಲಕ್ಕೆ ಪೋಲ್ಡರ್ ಅನ್ನುತ್ತಾರೆ. ಸುತ್ತ ಏರಿ, ನಡುವೆ ನೆಲ. ನಮ್ಮ ಕೆರೆಯ ಏರಿಯ ಒಳಗೆ ನೀರು, ಹೊರಗೆ ಗದ್ದೆ. ಇಲ್ಲಿ ಏರಿಯ ಹೊರಗೆ ನೀರು, ಒಳಗೆ ಗದ್ದೆ, ಮನೆ, ಮೆಟ್ರೊ ಎಲ್ಲ. ಏರಿಯ ಮೇಲೆ ನಿಂತರೆ ಒಂದು ಕಡೆ ಕಾಲುವೆಯಲ್ಲಿ ದೋಣಿ ಹೋಗುತ್ತಿರುತ್ತದೆ, ಇನ್ನೊಂದು ಕಡೆ ಆ ದೋಣಿಗಿಂತ ಕೆಳಗೆ ಹಸು ಮೇಯುತ್ತಿರುತ್ತದೆ.

ಮಳೆ ನೀರು ತಾನಾಗಿ ಹರಿದು ಹೋಗಲು ಜಾಗವೇ ಇಲ್ಲ. ಹೊಲದ ಬದಿಯ ಸಣ್ಣ ಕಾಲುವೆಯಿಂದ ದೊಡ್ಡ ಕಾಲುವೆಗೆ, ಅಲ್ಲಿಂದ ನದಿಗೆ, ಮೆಟ್ಟಿಲು ಮೆಟ್ಟಿಲಾಗಿ ಎತ್ತಬೇಕು. ಹಿಂದೆ ಗಾಳಿಯಂತ್ರ ಎತ್ತುತ್ತಿತ್ತು. ರಾಟರ್‌ಡ್ಯಾಮಿನಿಂದ ನದಿಯ ಬೋಟ್ ಹತ್ತಿದರೆ ಸಿಗುವ ಕಿಂಡರ್‌ಡೈಕಿನಲ್ಲಿ ಅಂಥ 19 ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ಹೆಚ್ಚಿನವು 1740ರ ಆಸುಪಾಸಿನವು. 1997ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಫೋಟೊಗೆ ಎಲ್ಲರೂ ಗಾಳಿಯಂತ್ರದ ಮುಂದೆ ನಿಲ್ಲುತ್ತಾರೆ. ನಾನು ಪಕ್ಕದ ಪಂಪ್ ಮನೆಯ ಮುಂದೆ ನಿಂತೆ. ಆನೆ ಗಾತ್ರದ ತಿರುಪುಗಳು ತಿರುಗುತ್ತಾ ನೀರನ್ನು ಮೇಲೆ ಹತ್ತಿಸುತ್ತವೆ. ಆ ವಿಡಿಯೊ ಅಪ್ಪಾಜಿಗೆ ಕಳಿಸಿದೆ. ಅವರು ಅದನ್ನು ಮೂರು ಸಲ ನೋಡಿ, ‘ಕರೆಂಟು ಹೋದ್ರೆ?’ ಅಂದರು.

ಇದನ್ನೆಲ್ಲ ನೋಡಿಕೊಳ್ಳಲು ಬೇರೆಯೇ ಒಂದು ಸರ್ಕಾರವಿದೆ. ಡಚ್ಚಿನಲ್ಲಿ ಅದರ ಹೆಸರು ವಾಟರ್‌ಸ್ಕಾಪ್, ನೀರಿನ ಮಂಡಳಿ ಅನ್ನಬಹುದು. ದೇಶದಲ್ಲಿ ಒಟ್ಟು 21 ಇವೆ. ಕೆಲವು ಹದಿಮೂರನೇ ಶತಮಾನದವು, ಅಂದರೆ ಹರಿಹರದ ಹರಿಹರೇಶ್ವರ ದೇವಸ್ಥಾನವನ್ನು ಹೊಯ್ಸಳರ ಕಾಲದಲ್ಲಿ 1224ರಲ್ಲಿ ಕಟ್ಟಿಸಿದರಲ್ಲ, ಹೆಚ್ಚುಕಡಿಮೆ ಅದೇ ಕಾಲದವು. ಏರಿ ಒಡೆದರೆ ಎಲ್ಲರೂ ಮುಳುಗುತ್ತಾರೆ ಎನ್ನುವ ಕಾರಣಕ್ಕೆ ಸಾಹುಕಾರನೂ ರೈತನೂ ಒಟ್ಟಿಗೆ ಕೂತು ಏರಿಯ ಕೆಲಸ ಹಂಚಿಕೊಳ್ಳುತ್ತಿದ್ದರು. ಈಗಲೂ ಮಂಡಳಿಗೆ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ ನಡೆಯುತ್ತದೆ. ಬೇರೆ ತೆರಿಗೆ ಇದೆ. ರೈತರಿಗೆ ಮೀಸಲು ಸ್ಥಾನ ಇದೆ. ನನಗೂ ವರ್ಷಕ್ಕೆ ಕೆಲವು ನೂರು ಯೂರೋಗಳ ಬಿಲ್ಲು ಬರುತ್ತದೆ. ಎತ್ತರದಲ್ಲಿ ಇರುವವನೂ ಕಟ್ಟಬೇಕು, ತಗ್ಗಿನಲ್ಲಿ ಇರುವವನೂ ಕಟ್ಟಬೇಕು.

ಈ ಕತೆ ಕೇಳಿ ಅಪ್ಪಾಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: ‘ಅಲ್ಲಿ ಕೊನೇ ಭಾಗದವರ ಮಾತು ಯಾರು ಕೇಳ್ತಾರೆ?’

ಯಾಕೆ ಈ ಪ್ರಶ್ನೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಮೂರು ಎಕರೆ ಗದ್ದೆ ಇರುವುದು ನಾಲೆಯ ಕೊನೇ ಭಾಗದಲ್ಲಿ. ಡ್ಯಾಮಿನಲ್ಲಿ ನೀರು ಬಿಟ್ಟ ಸುದ್ದಿ ಮೊದಲು ಬರುತ್ತದೆ, ನೀರು ಬರುವುದು ಎಷ್ಟೋ ದಿನ ಕಳೆದ ಮೇಲೆ. ಮೇಲಿನವರೆಲ್ಲ ಹಾಯಿಸಿಕೊಂಡು ಉಳಿದದ್ದು ನಮಗೆ. ಸರದಿಯ ರಾತ್ರಿ ಅಪ್ಪಾಜಿ ಬ್ಯಾಟರಿ, ಸಲಿಕೆ ಹಿಡಿದು ತೂಬಿನ ಹತ್ತಿರ ಕಾವಲು ಕೂರುತ್ತಿದ್ದರು. ಚಿಕ್ಕವನಿದ್ದಾಗ ನಾನೂ ಜೊತೆಗೆ ಹೋಗಿ ಕಂಬಳಿ ಹೊದ್ದು ಬದುವಿನ ಮೇಲೆ ಮಲಗುತ್ತಿದ್ದೆ. ನೀರು ಬರುವ ಮೊದಲು ಒಂದು ಸಣ್ಣ ಸದ್ದು ಬರುತ್ತದೆ, ಒಣ ಮಣ್ಣು ನೀರು ಕುಡಿಯುವ ಸದ್ದು. ಅದನ್ನು ಕೇಳಿದವರಿಗೇ ಗೊತ್ತು.

ಒಂದೇ ಡಿಸೆಂಬರ್

ನಾನು ಇಲ್ಲಿಗೆ ಬಂದ ವರ್ಷ ನಮ್ಮಲ್ಲಿ ಬರ. 2023ರ ಮುಂಗಾರು ಕೈಕೊಟ್ಟಿತು. ನಾಲೆಗೆ ನೀರು ಬಿಟ್ಟು ಬಿಟ್ಟು ಹರಿಸುವ ತೀರ್ಮಾನ ಬಂತು. ಅದನ್ನು ವಿರೋಧಿಸಿ ರೈತರು ಬೀದಿಗಿಳಿದರು, ದಾವಣಗೆರೆ ಬಂದ್ ಆಯಿತು. ನಮ್ಮ ಗದ್ದೆಯಲ್ಲಿ ಕಾಳು ಕಟ್ಟುವ ಹೊತ್ತಿಗೆ ನೀರು ಸಾಲದೆ ಅರ್ಧಕ್ಕರ್ಧ ಜೊಳ್ಳಾಯಿತು. ಬೇಸಿಗೆ ಭತ್ತದ ಆಸೆಯನ್ನು ಆ ವರ್ಷ ಎಲ್ಲರೂ ಬಿಟ್ಟರು.

ಅದೇ ಡಿಸೆಂಬರಿನ 21ರಂದು ಇಲ್ಲಿ ಬಿರುಗಾಳಿ. ನಾರ್ತ್ ಸಮುದ್ರ ಉಕ್ಕಿ ನದಿಯ ಬಾಯಿಯಿಂದ ಒಳನುಗ್ಗುವ ಮುನ್ಸೂಚನೆ ಬಂತು. ರಾಟರ್‌ಡ್ಯಾಮಿನ ಪಶ್ಚಿಮಕ್ಕೆ, ಸಮುದ್ರದ ಹತ್ತಿರ, ಮಾಸ್ಲಾಂಟ್ ತಡೆಗೋಡೆ ಇದೆ. 360 ಮೀಟರ್ ಅಗಲದ ಜಲಮಾರ್ಗದ ಎರಡು ದಡದಲ್ಲಿ ಎರಡು ಬಾಗಿಲು. ಒಂದೊಂದೂ 210 ಮೀಟರ್ ಉದ್ದ, 22 ಮೀಟರ್ ಎತ್ತರ. ಅವನ್ನು ಹಿಡಿದಿರುವ ಉಕ್ಕಿನ ತೋಳುಗಳೂ ಭಾರಿ ಉದ್ದ. 1997ರಲ್ಲಿ ಶುರುವಾದ ಈ ಬಾಗಿಲನ್ನು ಮುಚ್ಚಬೇಕೋ ಬೇಡವೋ ಅಂತ ತೀರ್ಮಾನ ಮಾಡುವುದು ಮಂತ್ರಿಯಲ್ಲ, ಇಂಜಿನಿಯರೂ ಅಲ್ಲ, ಒಂದು ಕಂಪ್ಯೂಟರ್. ನೀರು ನಿಗದಿತ ಮಟ್ಟಕ್ಕಿಂತ ಮೂರು ಮೀಟರ್ ಏರುತ್ತದೆ ಅಂತ ಲೆಕ್ಕ ಬಂದರೆ ಅದೇ ಮುಚ್ಚುತ್ತದೆ. ಅದರ ಪ್ರೋಗ್ರಾಂ ಬರೆಯುವ ಮೊದಲು ಅದು ಹೇಗೆ ನಡೆದುಕೊಳ್ಳಬೇಕು ಎನ್ನುವುದನ್ನು ಗಣಿತದ ಭಾಷೆಯಲ್ಲಿ ಬರೆದು ಪರೀಕ್ಷಿಸಿದ್ದರು. ನಾವು ದಿನಾ ಬರೆಯುವ ಪ್ರೋಗ್ರಾಂ ತಪ್ಪಿದರೆ ಒಂದು ಕಂಟೇನರ್ ತಡವಾಗುತ್ತದೆ. ಇದು ತಪ್ಪಿದರೆ ಊರು ಹೋಗುತ್ತದೆ.

ಆ ದಿನ ಮುನ್ಸೂಚನೆ ಆ ಗೆರೆ ದಾಟಿತು. ಬಿರುಗಾಳಿಯ ನೀರಿಗೆ ಬಾಗಿಲು ತಾನಾಗಿಯೇ ಹಾಗೆ ಮುಚ್ಚಿಕೊಂಡದ್ದು ಅದೇ ಮೊದಲು. ಸಮುದ್ರಕ್ಕಿಂತ ಆರು ಮೀಟರ್ ಕೆಳಗಿನ ನನ್ನ ಕೋಣೆಯಲ್ಲಿ ಕಿಟಕಿ ಗಡಗಡ ಅನ್ನುತ್ತಿತ್ತು. ಪಕ್ಕದ ಮನೆಯವರು ಕ್ರಿಸ್ಮಸ್ ಗಿಡಕ್ಕೆ ದೀಪ ಕಟ್ಟುತ್ತಿದ್ದರು. ಫೋನಿನಲ್ಲಿ ಅವ್ವ, ‘ಇಲ್ಲಿ ಬೋರಿನಾಗೂ ನೀರು ಇಳಿದೈತಿ’ ಅಂದಳು. ಒಂದೇ ರಾತ್ರಿ, ಒಂದು ಮನೆಯ ಇಬ್ಬರಿಗೆ ನೀರಿನ ಎರಡು ಭಯ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಗಾಳಿಗೆ ಹೆದರಿ ಅಲ್ಲ.

ಏರಿಗೆ ಅಡ್ಡ ನಿಂತ ದೋಣಿ

ನ್ಯೂವೆರ್ಕೆರ್ಕಿನ ನದಿ ಏರಿಯ ಮೇಲೆ ಒಂದು ಸ್ಮಾರಕವಿದೆ. ಏರಿಗೆ ಮೂತಿ ಚುಚ್ಚಿ ನಿಂತ ದೋಣಿಯ ಶಿಲ್ಪ. 1953ರ ಫೆಬ್ರವರಿ 1ರ ಬೆಳಗಿನ ಜಾವ ಸಮುದ್ರ ಉಕ್ಕಿ ದೇಶದ ನೈಋತ್ಯ ಭಾಗದ ಏರಿಗಳು ಒಡೆದು 1836 ಜನ ಸತ್ತರು. ಆ ಬೆಳಿಗ್ಗೆ ಇಲ್ಲಿಯ ಏರಿಯೂ ಬಿರುಕು ಬಿಟ್ಟಿತು. ಇದು ಹೋದರೆ ಹಿಂದಿನ ತಗ್ಗು ನೆಲದ ಲಕ್ಷಾಂತರ ಜನ ನೀರು ಪಾಲು. ಆಗ ಮೇಯರ್ ಹೇಳಿದಂತೆ ಆರಿ ಎವೆಗ್ರೂನ್ ಎಂಬ ದೋಣಿಯವನು ಸರಕು ಸಾಗಿಸುವ ತನ್ನ ದೋಣಿಯನ್ನು ತಂದು ಆ ಬಿರುಕಿಗೇ ಅಡ್ಡ ನಿಲ್ಲಿಸಿದ. ಬಾಗಿಲು ಮುಚ್ಚಿದ ಹಾಗೆ ದೋಣಿ ಕೂತುಕೊಂಡಿತು, ಏರಿ ಉಳಿಯಿತು. ಇವತ್ತಿನ ತಡೆಗೋಡೆ, ಕಂಪ್ಯೂಟರು ಎಲ್ಲ ಆ ವರ್ಷದ ಸಾವಿನ ನಂತರ ಬಂದವು. ಅದಕ್ಕೂ ಮುಂಚೆ ಇದ್ದದ್ದು ಇಂಥ ಒಬ್ಬ ದೋಣಿಯವನು.

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಚೈನು ತುಂಡಾಗಿ ಕೊಚ್ಚಿಹೋದಾಗ ಈ ದೋಣಿಯ ನೆನಪಾಯಿತು. ಆ ವರ್ಷ ಮಳೆ ಚೆನ್ನಾಗಿತ್ತು, ಭದ್ರಾ ತುಂಬಿತ್ತು, ನಮ್ಮೂರ ಪಕ್ಕದ ಹೊಳೆಯಲ್ಲಿ ಹರಿದುಹೋದ ನೀರೇ ಆ ಡ್ಯಾಮಿನಲ್ಲಿ ನಿಂತಿದ್ದು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನ ಮೇಲೇ ತಾತ್ಕಾಲಿಕ ಗೇಟ್ ಇಳಿಸಿದರು. ಆ ವಾರ ಪೂರ್ತಿ ನಾನು ಊಟದ ಹೊತ್ತಿನಲ್ಲಿ ಮೊಬೈಲ್ ಹಿಡಿದು ಅದನ್ನೇ ನೋಡುತ್ತಿದ್ದೆ. ಪಕ್ಕ ಕೂತ ಡಚ್ ಸಹೋದ್ಯೋಗಿಗಳೂ ಬ್ರೆಡ್ ಹಿಡಿದುಕೊಂಡು ಬಗ್ಗಿ ನೋಡಿದರು. ಗೇಟು ಕೂತ ದಿನ ಚಪ್ಪಾಳೆ ತಟ್ಟಿದರು. ನೀರಿನ ವಿಷಯದಲ್ಲಿ ಇವರಿಗೆ ಅನುವಾದ ಬೇಕಾಗಲಿಲ್ಲ.

ಎಷ್ಟು ವರ್ಷದ ಬೆಳೆ?

2025ರ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ನಮ್ಮ ಸುತ್ತಮುತ್ತಲಿನ ಗದ್ದೆಗಳಲ್ಲಿ ಅಡಿಕೆ ಸಸಿ ಎದ್ದಿವೆ. ನಾಟಿಗೆ ಆಳು ಸಿಗುವುದಿಲ್ಲ, ಭತ್ತಕ್ಕೆ ರೇಟಿಲ್ಲ. ‘ಅಡಿಕೆ ಹಾಕ್ರಿ ಗೌಡ್ರೇ, ಕೂತು ಉಣ್ಣಬಹುದು’ ಅಂತ ಅಪ್ಪಾಜಿಗೆ ಎಲ್ಲರೂ ಹೇಳುತ್ತಿದ್ದಾರೆ. ಅವರಿಗೀಗ ಅರವತ್ತೆರಡು. ಅಕ್ಕ ರಾಣೇಬೆನ್ನೂರಿನಲ್ಲಿದ್ದಾಳೆ. ಊಟ ಮುಗಿಸಿ ಪಡಸಾಲೆಯಲ್ಲಿ ಕೂತಾಗ ಅಪ್ಪಾಜಿ ನಿಧಾನಕ್ಕೆ ವಿಷಯ ತೆಗೆದರು.

‘ಭತ್ತ ಅಂದ್ರೆ ನಾಕು ತಿಂಗಳ ಮಾತು. ಅಡಿಕೆ ಅಂದ್ರೆ ಫಸಲು ಕೈಗೆ ಬರಾಕ ಐದಾರು ವರ್ಷ, ಆಮೇಲೆ ನಲವತ್ತು ವರ್ಷ. ನಾನು ಹಾಕಬಹುದು. ನೋಡಿಕೊಳ್ಳೋರು ಯಾರು ಅಂತ ಹೇಳು.’

ವಿದೇಶಕ್ಕೆ ಬಂದವರಿಗೆಲ್ಲ ಬರುವ ಪ್ರಶ್ನೆಯೇ ಇದು: ವಾಪಸ್ ಯಾವಾಗ? ಸಾಮಾನ್ಯವಾಗಿ ‘ನೋಡೋಣ’ ಅಂತ ಹೇಳಿ ತಪ್ಪಿಸಿಕೊಳ್ಳಬಹುದು. ಆದರೆ ಅಪ್ಪಾಜಿ ಕೇಳಿದ್ದು ಗಿಡದ ಲೆಕ್ಕದಲ್ಲಿ. ಗಿಡಕ್ಕೆ ‘ನೋಡೋಣ’ ಅನ್ನಲು ಬರುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇನ್ನು ಮೂರು ವರ್ಷ ಅಲ್ಲಿರುವುದು ಖಚಿತ, ಸಾಲ ತೀರಬೇಕು. ಅದರಾಚೆಗೆ ಮಾತು ಕೊಟ್ಟರೆ ಸುಳ್ಳಾಗುತ್ತದೆ. ಅವ್ವ ಎದ್ದು ಒಳಗೆ ಹೋದಳು. ಅಪ್ಪಾಜಿ ಎಲೆಗೆ ಸುಣ್ಣ ಹಚ್ಚುತ್ತಾ ಕೂತರು. ‘ನೇರ ಹೇಳಿದೆಲ್ಲ, ಆತು ಬಿಡು’ ಅಂದರು. ಅವರಿಗೆ ಅದು ನೋವಾಯಿತೋ ಹಗುರವಾಯಿತೋ ನನಗೆ ಗೊತ್ತಾಗಲಿಲ್ಲ.

ನಾನು ಹೊರಡುವ ಮುನ್ನಾ ದಿನ ಅವರೇ ತೀರ್ಮಾನ ಹೇಳಿದರು. ಎತ್ತರದ ಒಂದು ಎಕರೆಗೆ ಅಡಿಕೆ. ತಗ್ಗಿನ ಎರಡು ಎಕರೆ ಭತ್ತಕ್ಕೇ ಇರಲಿ. ‘ನೀನು ಬಂದ್ರೆ ನೋಡಿಕೊಂತಿ. ಬರಲಿಲ್ಲ ಅಂದ್ರೆ ತೋಟ ಖೇಣಿ ಕೊಟ್ಟರಾತು. ಗದ್ದೆ ಇರೋತನಕ ನಾನು ನೀರು ಕಟ್ತೀನಿ.’ ನೀರು ಬಳಕೆದಾರರ ಸಂಘದ ಸಭೆಗೆ ಅವರು ಈಗ ತಪ್ಪದೆ ಹೋಗುತ್ತಿದ್ದಾರಂತೆ. ಮೇಲಿನವರೂ ಕೊನೇ ಭಾಗದವರೂ ಒಂದೇ ದರದಲ್ಲಿ ಕಟ್ಟಿ, ಒಟ್ಟಿಗೆ ಕೂತು ಸರದಿ ಹಾಕಿಕೊಳ್ಳುವ ಊರು ಒಂದಿದೆ, ನನ್ನ ಮಗ ಅಲ್ಲಿದ್ದಾನೆ ಅಂತ ಸಭೆಯಲ್ಲಿ ಹೇಳಿದರಂತೆ. ಅಲ್ಲಿದ್ದವರು ನಕ್ಕರಂತೆ. ಆದರೆ ಒಬ್ಬರು ‘ಅಲ್ಲಿ ಕೊನೇ ಭಾಗಕ್ಕೆ ಮೊದಲು ಬಿಡ್ತಾರಾ?’ ಅಂತ ಕೇಳಿದರಂತೆ. ಅದಕ್ಕೆ ಉತ್ತರ ಬೇಕು ಅಂತ ಅಪ್ಪಾಜಿ ನನಗೆ ಫೋನ್ ಮಾಡಿದ್ದರು. ಇಲ್ಲಿ ತಗ್ಗಿನ ನೆಲ ಒಣಗಿದರೆ ಸಾಕು ಅಂತಲೇ ಎಲ್ಲರೂ ಪಂಪು ಓಡಿಸುತ್ತಾರೆ ಅಂದೆ. ‘ಹಂಗಾರೆ ಅಲ್ಲಿ ಕೊನೇ ಭಾಗದವನೇ ರಾಜ’ ಅಂತ ನಕ್ಕರು.

ನೀರಿನ ಮಂಡಳಿಯ ಮುಂದಿನ ಚುನಾವಣೆ 2027ಕ್ಕೆ. ಕಾನೂನಿನ ಪ್ರಕಾರ ಇಲ್ಲಿ ನೆಲೆಸಿರುವ ಬೇರೆ ದೇಶದವರಿಗೂ ಅದರಲ್ಲಿ ಓಟಿದೆ. ಆಗಲೂ ಇಲ್ಲೇ ಇದ್ದರೆ ಹಾಕುತ್ತೇನೆ. ಅಷ್ಟರಲ್ಲಿ ಆ ಅಡಿಕೆ ಸಸಿಗಳಿಗೆ ಎರಡು ವರ್ಷ ತುಂಬಿರುತ್ತದೆ.

ಮುಂದಿನ ಏಪ್ರಿಲ್‌ಗೆ ಅಪ್ಪಾಜಿ, ಅವ್ವ ಇಬ್ಬರನ್ನೂ ಕರೆಸಬೇಕು ಅಂತಿದ್ದೇನೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದಾಗಿದೆ. ಅವ್ವನಿಗೆ ಟ್ಯುಲಿಪ್ ಹೂವಿನ ತೋಟ ನೋಡಬೇಕು. ಅಪ್ಪಾಜಿಗೆ ಹೂವು ಬೇಡವಂತೆ. ಆ ತಿರುಪಿನ ಪಂಪು ಓಡಿಸುವವನ ಜೊತೆ ಕೂತು ಒಂದು ಗಂಟೆ ಮಾತಾಡಬೇಕಂತೆ. ಭಾಷೆ ಬರುವುದಿಲ್ಲವಲ್ಲ ಅಂದರೆ, ‘ನೀನು ಇದ್ದೀಯಲ್ಲ’ ಅಂದರು. ಪಂಪು, ಕವಾಟ, ಏರಿ, ತೂಬು, ಬದು. ಇವಕ್ಕೆಲ್ಲ ಡಚ್ಚಿನಲ್ಲಿ ಏನನ್ನುತ್ತಾರೆ ಅಂತ ಈಗ ಕಲಿಯುತ್ತಿದ್ದೇನೆ.